ಆಕಾಶದ ರೋಗಿ, ಭೂಮಿಯ ವೈದ್ಯ

2026ರ ಜನವರಿಯಲ್ಲಿ ನಡೆದ ಒಂದು ಸಂಗತಿ ನಮ್ಮ ಪತ್ರಿಕೆಗಳಲ್ಲಿ ಕೆಲವು ದಿನ ಕಾಣಿಸಿಕೊಂಡು ಮರೆಯಾಯಿತು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿದ್ದ ನಾಲ್ವರು ಯಾತ್ರಿಗಳನ್ನು ಗೊತ್ತುಪಡಿಸಿದ ಅವಧಿಗೆ ಮೊದಲೇ ಭೂಮಿಗೆ ಕರೆತರಲಾಯಿತು. ಅವರಲ್ಲೊಬ್ಬರ ಆರೋಗ್ಯ ಕೆಟ್ಟಿತ್ತು. ಆಗ ಅವರ ಹೆಸರನ್ನಾಗಲಿ ಕಾಯಿಲೆಯನ್ನಾಗಲಿ ಪ್ರಕಟಿಸಲಿಲ್ಲ. ಪ್ರಾಣಾಪಾಯವಿಲ್ಲವೆಂದು ಮಾತ್ರ ತಿಳಿಸಿದರು. ಕಾಯಿಲೆಯ ಮೂಲವನ್ನು ಕಂಡುಹಿಡಿಯಬೇಕಾದರೆ ನಿಲ್ದಾಣದಲ್ಲಿರುವ ಉಪಕರಣಗಳು ಸಾಲವು, ಭೂಮಿಯ ಆಸ್ಪತ್ರೆಯೇ ಬೇಕು ಎಂಬುದು ವೈದ್ಯರ ತೀರ್ಮಾನವಾಗಿತ್ತು. 2000ದ ನವೆಂಬರಿನಿಂದ ಒಂದು ದಿನವೂ ಬರಿದಾಗದೆ ಮನುಷ್ಯರು ವಾಸಿಸುತ್ತಿರುವ ಆ ನಿಲ್ದಾಣದಿಂದ ವೈದ್ಯಕೀಯ ಕಾರಣಕ್ಕಾಗಿ ತಂಡವೊಂದು ಹೀಗೆ ಮರಳಿದ್ದು ಅದೇ ಮೊದಲು.

ಮರಳುವುದು ಸಾಧ್ಯವಾದದ್ದು ನಿಲ್ದಾಣವು ನಮಗೆ ಕೇವಲ ನಾನ್ನೂರು ಕಿಲೋಮೀಟರು ಎತ್ತರದಲ್ಲಿರುವುದರಿಂದ. ಹೊರಡಬೇಕೆಂದು ನಿಶ್ಚಯಿಸಿದರೆ ಒಂದು ದಿನದೊಳಗಾಗಿ ಸಮುದ್ರದಲ್ಲಿ ಇಳಿಯಬಹುದು. ಚಂದ್ರನಿಂದಾದರೆ ಮೂರು ದಿನಗಳ ಹಾದಿ. ಮಂಗಳನ ದಾರಿಯಲ್ಲಿ ಕಾಯಿಲೆ ಬಿದ್ದವನಿಗೆ ಹಿಂತಿರುಗುವ ಮಾತೇ ಇಲ್ಲ. ಅವನ ಪ್ರಶ್ನೆ ಭೂಮಿಯ ವೈದ್ಯನನ್ನು ತಲಪಿ ಉತ್ತರ ಮರಳುವುದಕ್ಕೇ ಕೆಲವೊಮ್ಮೆ ನಲವತ್ತು ನಿಮಿಷ ಬೇಕಾಗುತ್ತದೆ. 2035ರ ಹೊತ್ತಿಗೆ ತನ್ನದೇ ಅಂತರಿಕ್ಷ ನಿಲ್ದಾಣವನ್ನು ಸ್ಥಾಪಿಸುವುದಾಗಿಯೂ 2040ರ ಹೊತ್ತಿಗೆ ಚಂದ್ರನ ಮೇಲೆ ತನ್ನ ಯಾತ್ರಿಯನ್ನು ಇಳಿಸುವುದಾಗಿಯೂ ಭಾರತವು ಸಂಕಲ್ಪ ಮಾಡಿದೆ. ಹಾಗಾದರೆ ಆ ಯಾತ್ರಿಗೆ ಕಾಯಿಲೆಯಾದಾಗ ನೋಡುವ ವೈದ್ಯನೆಲ್ಲಿ? ಅವನು ಈಗ ಯಾವ ಕಾಲೇಜಿನಲ್ಲಿ, ಯಾರ ಬಳಿ ಓದುತ್ತಿದ್ದಾನೆ? ರಾಕೆಟ್ಟಿನ ವಿಷಯವಾಗಿ ಇಷ್ಟೊಂದು ಮಾತನಾಡುವ ನಾವು ಈ ಪ್ರಶ್ನೆಯನ್ನು ಕೇಳಿಕೊಂಡಂತೆ ಕಾಣುವುದಿಲ್ಲ.

ಕೇಳಿಕೊಳ್ಳದವರಲ್ಲಿ ನಾನೇ ಮೊದಲಿಗ. ಮೂವತ್ತು ವರ್ಷಗಳ ಕಾಲ ವೈದ್ಯ ವಿದ್ಯಾರ್ಥಿಗಳಿಗೆ ಶರೀರಕ್ರಿಯಾಶಾಸ್ತ್ರವನ್ನು ಬೋಧಿಸಿದವನು ನಾನು. 1984ರ ಏಪ್ರಿಲ್ 3ರಂದು ರಾಕೇಶ ಶರ್ಮರು ಸೋಯುಜ್ ನೌಕೆಯಲ್ಲಿ ಮೇಲಕ್ಕೆ ಹೋದರು. ಆ ವಾರ ನಾನು ರಕ್ತಪರಿಚಲನೆಯ ಪಾಠ ಮಾಡುತ್ತಿದ್ದೆ. ಮಲಗಿದವನು ಎದ್ದು ನಿಂತೊಡನೆ ರಕ್ತವು ಕಾಲಿನ ಕಡೆಗೆ ಇಳಿಯುವುದನ್ನೂ, ಹೃದಯ ಮತ್ತು ನಾಳಗಳು ಅದನ್ನು ಹೇಗೆ ಸರಿದೂಗಿಸುತ್ತವೆಂಬುದನ್ನೂ ವಿವರಿಸುತ್ತಿದ್ದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತು, “ಸಾರ್, ಮೇಲು ಕೆಳಗು ಎಂಬುದೇ ಇಲ್ಲದ ಕಡೆ ರಕ್ತ ಎತ್ತ ಹೋಗುತ್ತದೆ?” ಎಂದು ಕೇಳಿದ. ತರಗತಿ ನಕ್ಕಿತು. “ಅದು ಪರೀಕ್ಷೆಗೆ ಬರುವುದಿಲ್ಲ, ಕುಳಿತುಕೊಳ್ಳಪ್ಪ” ಎಂದೆ. ಹುಡುಗ ಕುಳಿತುಕೊಂಡ. ಉತ್ತರ ನನಗೂ ಗೊತ್ತಿರಲಿಲ್ಲವೆಂಬುದನ್ನು ಮಾತ್ರ ನಾನು ಹೇಳಲಿಲ್ಲ.

ಆ ಪ್ರಶ್ನೆಗೆ ಉತ್ತರವೇನು? ರಕ್ತ ಮತ್ತು ದೇಹದ್ರವಗಳು ತಲೆಯ ಕಡೆಗೆ ಸರಿಯುತ್ತವೆ. ಯಾತ್ರಿಯ ಮುಖ ಊದಿಕೊಳ್ಳುತ್ತದೆ, ಕಾಲು ಸಣ್ಣಗಾಗುತ್ತದೆ. ದೇಹವು ತನ್ನಲ್ಲಿ ನೀರು ಹೆಚ್ಚಾಗಿದೆಯೆಂದು ಭ್ರಮಿಸಿ ರಕ್ತದ ದ್ರವಾಂಶವನ್ನು ಕಡಿಮೆ ಮಾಡಿಕೊಳ್ಳುತ್ತದೆ. ಭಾರ ಹೊರುವ ಕೆಲಸವಿಲ್ಲದ ಮೂಳೆಗಳು ಸುಣ್ಣವನ್ನು ಕಳೆದುಕೊಳ್ಳುತ್ತವೆ. ಸೊಂಟ, ತೊಡೆಗಳ ಮೂಳೆಯಲ್ಲಿ ಈ ನಷ್ಟ ತಿಂಗಳಿಗೆ ಶೇಕಡ 1ರಿಂದ 1.5ರಷ್ಟಿದೆ. ಭೂಮಿಯ ಮೇಲೆ ಮುಟ್ಟು ನಿಂತ ಹೆಂಗಸು ಒಂದು ವರ್ಷದಲ್ಲಿ ಕಳೆದುಕೊಳ್ಳುವಷ್ಟನ್ನು ಆರೋಗ್ಯವಂತ ಯಾತ್ರಿ ಒಂದು ತಿಂಗಳಲ್ಲಿ ಕಳೆದುಕೊಳ್ಳುತ್ತಾನೆ. ಮೂಳೆಯಿಂದ ಕರಗಿದ ಸುಣ್ಣವು ಮೂತ್ರದಲ್ಲಿ ಸೇರಿ ಕಲ್ಲಾಗುವ ಭಯ ಬೇರೆ. ಹಲವರ ಕಣ್ಣಿನ ಹಿಂಭಾಗದ ನರ ಊದಿಕೊಂಡು ದೃಷ್ಟಿ ಬದಲಾಗಿದೆ. ಇದನ್ನೆಲ್ಲ ತಡೆಯಲು ಯಾತ್ರಿಗಳು ದಿನವೊಂದಕ್ಕೆ ಸುಮಾರು ಎರಡು ಗಂಟೆ ವ್ಯಾಯಾಮ ಮಾಡುತ್ತಾರೆ. ಆದರೂ ನಷ್ಟವೆಲ್ಲ ತುಂಬಿಬರುವುದಿಲ್ಲ.

2025ರ ಜೂನ್ 25ರಂದು ಹೊರಟು ಜುಲೈ 15ರಂದು ಮರಳಿದ ಶುಭಾಂಶು ಶುಕ್ಲರು ಹೇಳಿದ ಒಂದು ಸಣ್ಣ ಸಂಗತಿ ಇದಕ್ಕೆ ನಿದರ್ಶನ. ಭೂಮಿಗೆ ಬಂದ ಮೇಲೆ ಅವರಿಗೆ ಕೈಯಲ್ಲಿ ಹಿಡಿದ ಮೊಬೈಲು ಭಾರವೆನಿಸಿತಂತೆ. ಲ್ಯಾಪ್‌ಟಾಪನ್ನು ಮಂಚದ ಪಕ್ಕದಲ್ಲಿ ಗಾಳಿಗೆ ಬಿಟ್ಟರಂತೆ, ಅದು ತೇಲುತ್ತದೆಂಬ ನಂಬಿಕೆಯಿಂದ. ಇಪ್ಪತ್ತು ದಿನಗಳಲ್ಲಿಯೇ ಮೆದುಳು ಭೂಮಿಯ ನಿಯಮವನ್ನು ಮರೆತಿತ್ತು. ಗುರುತ್ವವೆಂಬುದು ನಮ್ಮ ಶರೀರಶಾಸ್ತ್ರದ ಪ್ರತಿಯೊಂದು ಪುಟದಲ್ಲಿಯೂ ಬರೆಯದೆ ಬಿಟ್ಟ ಮೊದಲ ವಾಕ್ಯ ಎಂಬುದನ್ನು ನಾನು ನಿವೃತ್ತನಾದ ಮೇಲೆ ಅರಿತೆ.

ಸಾಮಾನ್ಯ ವೈದ್ಯವು ಸಹಜವಾದ ಪರಿಸರದಲ್ಲಿರುವ ಅಸ್ವಸ್ಥ ದೇಹವನ್ನು ನೋಡುತ್ತದೆ. ಅಂತರಿಕ್ಷ ವೈದ್ಯವಾದರೋ ಅಸಹಜವಾದ ಪರಿಸರದಲ್ಲಿರುವ ಸ್ವಸ್ಥ ದೇಹವನ್ನು ನೋಡುತ್ತದೆ. ಈ ತಿರುಗುಮುರುಗಿನಲ್ಲಿಯೇ ಈ ಶಾಸ್ತ್ರದ ಕಷ್ಟವೂ ಇದೆ, ಬೆಲೆಯೂ ಇದೆ. ಆದ್ದರಿಂದಲೇ ಇದು ಕೇವಲ ವಿಮಾನದಳದ ಅಥವಾ ರಾಕೆಟ್ ನಿರ್ಮಿಸುವವರ ಸ್ವತ್ತಾಗಿ ಉಳಿಯದೆ ವೈದ್ಯ ವಿದ್ಯಾಲಯದ ಪಾಠವಾಗಬೇಕೆಂದು ನನ್ನ ವಾದ.

ಬೇರೆ ದೇಶಗಳಲ್ಲಿ ಇದು ಆಗಿದೆ. ಅಮೆರಿಕೆಯ ಟೆಕ್ಸಾಸ್ ಪ್ರಾಂತದ ಗ್ಯಾಲ್ವೆಸ್ಟನ್ ನಗರದಲ್ಲಿ 1891ರಲ್ಲಿ ಆರಂಭವಾದ ವೈದ್ಯ ವಿದ್ಯಾಲಯವು ವೈಮಾಂತರಿಕ್ಷ ವೈದ್ಯದಲ್ಲಿ ವೈದ್ಯರಿಗೆ ಉನ್ನತ ತರಬೇತಿಯನ್ನು ಕೊಡುತ್ತದೆ. ಅಲ್ಲಿಂದ ಸ್ವಲ್ಪ ದೂರದ ಹ್ಯೂಸ್ಟನ್ನಿನಲ್ಲಿ ಬೇಲರ್ ವೈದ್ಯಕೀಯ ಕಾಲೇಜು 2008ರಲ್ಲಿ ಅಂತರಿಕ್ಷ ವೈದ್ಯ ಕೇಂದ್ರವನ್ನು ತೆರೆಯಿತು. ಅಲ್ಲಿ ಸಾಮಾನ್ಯ ವೈದ್ಯ ವಿದ್ಯಾರ್ಥಿಯೇ ತನ್ನ ನಾಲ್ಕು ವರ್ಷದ ಓದಿನ ಜೊತೆಜೊತೆಗೆ ಈ ವಿಷಯವನ್ನು ಐಚ್ಛಿಕವಾಗಿ ಅಭ್ಯಾಸ ಮಾಡಿ ಸಂಶೋಧನೆಯಲ್ಲಿ ಕೈಯಿಡಬಹುದು. ಯಾತ್ರಿಗಳ ಆರೋಗ್ಯವನ್ನು ಕುರಿತ ಸಂಶೋಧನೆಗೆಂದು 2016ರಲ್ಲಿ ಏರ್ಪಟ್ಟ ಸಂಸ್ಥೆಯೊಂದರ ಮುಂದಾಳುತನವನ್ನೂ ಅದೇ ಕಾಲೇಜು ವಹಿಸಿದೆ. ರಷ್ಯದಲ್ಲಿ 1963ರಷ್ಟು ಹಿಂದೆಯೇ ಮಾಸ್ಕೋದಲ್ಲಿ ಜೀವವೈದ್ಯ ಸಮಸ್ಯೆಗಳ ಸಂಸ್ಥೆ ಸ್ಥಾಪಿತವಾಯಿತು. ಆ ಸಂಸ್ಥೆಯ ವೈದ್ಯ ವಲೇರಿ ಪೊಲ್ಯಕೋವ್ 1994ರಿಂದ 1995ರ ವರೆಗೆ ಮೀರ್ ನಿಲ್ದಾಣದಲ್ಲಿ ಒಂದೇ ಸಮನೆ 437 ದಿನ ಇದ್ದು ತನ್ನ ದೇಹವನ್ನೇ ಪ್ರಯೋಗಶಾಲೆಯಾಗಿ ಮಾಡಿಕೊಂಡರು. ಇಳಿದ ದಿನ ಅವರು ನೌಕೆಯಿಂದ ಕುರ್ಚಿಯವರೆಗಿನ ನಾಲ್ಕು ಹೆಜ್ಜೆಯನ್ನು ತಾವೇ ನಡೆದರು. ಮಂಗಳನಲ್ಲಿ ಇಳಿದವನು ಎದ್ದು ನಿಂತು ಕೆಲಸ ಮಾಡಬಲ್ಲನೆಂದು ತೋರಿಸುವುದಕ್ಕೆ ನಡೆದ ಹೆಜ್ಜೆಗಳವು.

ಆದರೆ ಸಂಸ್ಥೆಗಳ ಪಟ್ಟಿಗಿಂತ ಹೆಚ್ಚಾಗಿ ನನ್ನನ್ನು ಒಪ್ಪಿಸಿದ್ದು ಒಬ್ಬ ರೋಗಿಯ ಕಥೆ. ಯಾತ್ರಿಗಳ ಕುತ್ತಿಗೆಯ ದೊಡ್ಡ ಅಭಿಧಮನಿಯಲ್ಲಿ ರಕ್ತ ಹೇಗೆ ಹರಿಯುತ್ತದೆಂದು ಅಲ್ಟ್ರಾಸೌಂಡ್ ಯಂತ್ರದಿಂದ ಪರೀಕ್ಷಿಸುವ ಅಧ್ಯಯನವೊಂದು ನಿಲ್ದಾಣದಲ್ಲಿ ನಡೆಯಿತು. 2019ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಹನ್ನೊಂದು ಯಾತ್ರಿಗಳಲ್ಲಿ ಆರು ಮಂದಿಗೆ ಆ ನಾಳದಲ್ಲಿ ರಕ್ತ ನಿಂತಿತ್ತು, ಇಲ್ಲವೆ ಹಿಂದುಮುಂದಾಗಿ ಹರಿಯುತ್ತಿತ್ತು. ಒಬ್ಬರಲ್ಲಿ ರಕ್ತ ಹೆಪ್ಪುಗಟ್ಟಿ ನಾಳವನ್ನೇ ಮುಚ್ಚಿತ್ತು. ಆ ಯಾತ್ರಿಗೆ ಯಾವ ನೋವೂ ಇರಲಿಲ್ಲ. ಅಧ್ಯಯನ ನಡೆಯದಿದ್ದರೆ ಅದು ಯಾರಿಗೂ ತಿಳಿಯುತ್ತಿರಲಿಲ್ಲ. ಆರು ತಿಂಗಳ ವಾಸದಲ್ಲಿ ಎರಡು ತಿಂಗಳಷ್ಟೇ ಕಳೆದಿತ್ತು.

ಆಗ ನಾಸಾ ಸಂಸ್ಥೆಯವರು ಸಲಹೆ ಕೇಳಿದವರಲ್ಲಿ ಉತ್ತರ ಕೆರೊಲೈನ ವಿಶ್ವವಿದ್ಯಾಲಯದ ವೈದ್ಯಶಾಲೆಯ ಪ್ರಾಧ್ಯಾಪಕ ಸ್ಟೀಫನ್ ಮೋಲ್ ಒಬ್ಬರು. ಅವರು ಅಂತರಿಕ್ಷದ ವೈದ್ಯರಲ್ಲ. ರಕ್ತ ಹೆಪ್ಪುಗಟ್ಟುವ ರೋಗಗಳನ್ನು ಕುರಿತು ಊರಿನ ರೋಗಿಗಳಿಗೆ ಚಿಕಿತ್ಸೆ ಕೊಡುತ್ತ, ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತ ಇದ್ದವರು. ನಿಲ್ದಾಣದ ಔಷಧದ ಪೆಟ್ಟಿಗೆಯಲ್ಲಿ ರಕ್ತವನ್ನು ತಿಳಿಯಾಗಿಡುವ ಚುಚ್ಚುಮದ್ದು ಇತ್ತು, ಆದರೆ ಮಿತವಾಗಿತ್ತು. ಸರಕಿನ ನೌಕೆ ಗುಳಿಗೆಗಳನ್ನು ತರುವ ತನಕ ಅದನ್ನು ಲೆಕ್ಕ ಹಾಕಿ ಬಳಸಬೇಕಾಯಿತು. ಮದ್ದು ಹೆಚ್ಚಾದರೆ, ಸಣ್ಣ ಪೆಟ್ಟಾದಾಗಲೂ ನಿಲ್ಲದ ರಕ್ತಸ್ರಾವ. ಕಡಿಮೆಯಾದರೆ, ಗಡ್ಡೆ ಶ್ವಾಸಕೋಶಕ್ಕೆ ಸಾಗುವ ಭಯ. ಕುತ್ತಿಗೆಯ ಚಿತ್ರವನ್ನು ಯಾತ್ರಿ ತಾನೇ ತೆಗೆಯುವುದು, ಭೂಮಿಯ ಮೇಲಿನ ತಜ್ಞರು ಕೈಯ ಚಲನೆಯನ್ನು ಮಾತಿನಲ್ಲಿ ತಿದ್ದುವುದು. ಹೀಗೆ ಮೂರು ತಿಂಗಳಿಗೂ ಮಿಕ್ಕು ಚಿಕಿತ್ಸೆ ಸಾಗಿತು. ಒಂದು ದಿನ ಆ ಯಾತ್ರಿ ನಿಲ್ದಾಣದಿಂದ ನೇರವಾಗಿ ಮೋಲ್ ಅವರ ಮನೆಗೇ ದೂರವಾಣಿ ಮಾಡಿದರು. ಕರೆಯನ್ನು ಮೊದಲು ತೆಗೆದುಕೊಂಡವರು ಅವರ ಹೆಂಡತಿ. ನಿಮಗೆ ಆಕಾಶದಿಂದ ಕರೆ ಬಂದಿದೆಯೆಂದು ಗಂಡನ ಕೈಗೆ ಕೊಟ್ಟರಂತೆ. ಯಾತ್ರಿ ತನ್ನ ಅವಧಿಯನ್ನು ಮುಗಿಸಿಯೇ ಕ್ಷೇಮವಾಗಿ ಮರಳಿದರು. 2020ರ ಜನವರಿಯಲ್ಲಿ ಈ ವೃತ್ತಾಂತವು ಹೆಸರಿಲ್ಲದೆ ವೈದ್ಯಪತ್ರಿಕೆಯಲ್ಲಿ ಪ್ರಕಟವಾಯಿತು.

ಹಿಂದಿನ ಬೆಂಚಿನ ಹುಡುಗನಿಗೆ ಸಲ್ಲಬೇಕಾಗಿದ್ದ ಉತ್ತರದ ಒಂದು ಭಾಗ ಹೀಗೆ ಮೂವತ್ತೈದು ವರ್ಷಗಳ ಮೇಲೆ ದೊರೆಯಿತು. ಈ ಕಥೆಯಲ್ಲಿ ಯಾತ್ರಿಯ ಪ್ರಾಣವನ್ನು ಕಾಪಾಡಿದ ಸಂಗತಿಗಳು ಎರಡು: ಫಲ ಕಾಣದೆಯೂ ನಡೆಯುತ್ತಿದ್ದ ಸಂಶೋಧನೆ ಒಂದು, ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ದಿನನಿತ್ಯದ ರೋಗಿಗಳ ನಡುವೆ ಮಾಗಿದ ವಿವೇಕ ಇನ್ನೊಂದು. ಎರಡೂ ಬೆಳೆಯುವ ಸ್ಥಳ ವೈದ್ಯ ವಿದ್ಯಾಲಯವೇ.

ಈ ವಾದಕ್ಕೆ ಇನ್ನೊಂದು ಕಾರಣವೂ ಇದೆ. ಅದನ್ನು ಹೇಳುವುದು ಅಷ್ಟು ಹಿತವಲ್ಲ. ‘ಅಂತರಿಕ್ಷ ವೈದ್ಯ’ ಎಂಬ ಮಾತನ್ನು ಬಳಕೆಗೆ ತಂದವರು ಹ್ಯೂಬರ್ಟಸ್ ಸ್ಟ್ರುಗ್‌ಹೋಲ್ಡ್ ಎಂಬ ಜರ್ಮನ್ ವಿದ್ವಾಂಸರು. ಯುದ್ಧಾನಂತರ ಅಮೆರಿಕೆಗೆ ಹೋಗಿ, 1949ರಲ್ಲಿ ಟೆಕ್ಸಾಸಿನ ವಿಮಾನದಳದ ವೈದ್ಯಶಾಲೆಯಲ್ಲಿ ಅಂತರಿಕ್ಷ ವೈದ್ಯ ವಿಭಾಗಕ್ಕೆ ಮುಖ್ಯರಾದರು. ಅವರನ್ನು ಈ ಶಾಸ್ತ್ರದ ಪಿತಾಮಹರೆಂದು ಬಹುಕಾಲ ಗೌರವಿಸಲಾಯಿತು. ಆದರೆ ಯುದ್ಧಕಾಲದಲ್ಲಿ ಅವರು ಬರ್ಲಿನ್ನಿನಲ್ಲಿ ಜರ್ಮನ್ ವಿಮಾನದಳದ ವೈದ್ಯ ಸಂಶೋಧನಾ ಸಂಸ್ಥೆಯ ಮುಖ್ಯಸ್ಥರಾಗಿದ್ದರು. 1942ರಲ್ಲಿ ಡಾಖಾವ್ ಸೆರೆಶಿಬಿರದಲ್ಲಿ ಜರ್ಮನ್ ವೈದ್ಯರು ಬಂದಿಗಳನ್ನು ಗಾಳಿ ತೆಗೆದ ಕೋಣೆಯಲ್ಲಿ ಕೂಡಿಟ್ಟು, ಮಂಜುನೀರಿನಲ್ಲಿ ಮುಳುಗಿಸಿ, ಎತ್ತರದ ಹಾರಾಟದಲ್ಲಿ ದೇಹ ಎಷ್ಟನ್ನು ತಾಳುತ್ತದೆಂದು ಅಳೆದರು. ಅನೇಕರು ಅದರಲ್ಲಿಯೇ ಸತ್ತರು. ಸ್ಟ್ರುಗ್‌ಹೋಲ್ಡರ ಮೇಲೆ ಮೊಕದ್ದಮೆ ನಡೆಯಲಿಲ್ಲ. ಆದರೆ ಚಳಿಯ ಪ್ರಯೋಗಗಳ ವರದಿಯನ್ನು ಓದಿದ ಆ ವರ್ಷದ ಸಮ್ಮೇಳನದಲ್ಲಿ ಅವರು ಹಾಜರಿದ್ದರೆಂಬುದು ದಾಖಲೆಗಳಿಂದ ಹೊರಬಿತ್ತು. ಅವರ ಹೆಸರಿನಲ್ಲಿ ಅಮೆರಿಕದ ಅಂತರಿಕ್ಷ ವೈದ್ಯರ ಸಂಘವು ಕೊಡುತ್ತಿದ್ದ ಪ್ರಶಸ್ತಿಯನ್ನು 2013ರಲ್ಲಿ ನಿಲ್ಲಿಸಲಾಯಿತು.

ಈ ಹಳೆಯ ಕಥೆಯನ್ನು ಯಾರನ್ನೂ ದೂರುವುದಕ್ಕಾಗಿ ನಾನು ಎತ್ತಲಿಲ್ಲ. ದೇಹ ಎಷ್ಟನ್ನು ತಾಳಬಲ್ಲದೆಂದು ಕೇಳುವ ಶಾಸ್ತ್ರಕ್ಕೆ, ಎಷ್ಟನ್ನು ತಾಳೆಂದು ಕೇಳುವ ಹಕ್ಕು ನಮಗುಂಟೆ ಎಂಬ ಪ್ರಶ್ನೆ ಸದಾ ಬೆನ್ನಿಗಿರಬೇಕು. ಆಜ್ಞೆಗೆ ಒಳಪಟ್ಟ ಸೈನಿಕನ ಸಮ್ಮತಿಗೂ, ನೌಕೆಯಲ್ಲಿ ತನ್ನ ಸ್ಥಾನ ತಪ್ಪೀತೆಂಬ ಭಯದಿಂದ ತಲೆನೋವನ್ನು ಮುಚ್ಚಿಡುವ ಯಾತ್ರಿಯ ಮೌನಕ್ಕೂ ಬೆಲೆ ಕಟ್ಟುವುದು ಸುಲಭವಲ್ಲ. ಆ ಪ್ರಶ್ನೆಯನ್ನು ಎತ್ತುವ ಅಭ್ಯಾಸ, ನೈತಿಕ ಸಮಿತಿಗಳ ಪರಿಶೀಲನೆ, ಪ್ರಕಟಿಸಿ ಪರರ ಟೀಕೆಗೆ ಒಡ್ಡುವ ಪದ್ಧತಿ, ಇವು ತೆರೆದ ವಿದ್ಯಾಲಯದಲ್ಲಿ ಬೆಳೆಯುವಷ್ಟು ಸುಲಭವಾಗಿ ಕಾವಲಿನ ಗೋಡೆಯ ಒಳಗೆ ಬೆಳೆಯವು.

ಈಗ ನಮ್ಮ ಮನೆಯ ಮಾತಿಗೆ ಬರೋಣ. ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣದ ರಸ್ತೆಯಲ್ಲಿ ಬಸ್ಸಿನಲ್ಲಿ ಹೋಗುವವರು ವಿಮಾನಪುರದ ಬಳಿ ಒಂದು ಆವರಣವನ್ನು ದಿನವೂ ದಾಟುತ್ತಾರೆ; ಅದರೊಳಗೆ ಏನಿದೆಯೆಂದು ಬಲ್ಲವರು ಕಡಿಮೆ. ಅದು ವಾಯುಪಡೆಯ ವೈಮಾಂತರಿಕ್ಷ ವೈದ್ಯ ಸಂಸ್ಥೆ. 1957ರಲ್ಲಿ ವಿಮಾನಯಾನ ವೈದ್ಯಶಾಲೆಯಾಗಿ ಹುಟ್ಟಿದ್ದು. ಗಾಳಿಯ ಒತ್ತಡವನ್ನು ಇಳಿಸಿ ಎತ್ತರದ ಅನುಭವ ಕೊಡುವ ಕೋಣೆಯೂ, ಮನುಷ್ಯನನ್ನು ಗಿರಗಿರನೆ ಸುತ್ತಿಸಿ ಅವನ ಭಾರವನ್ನು ಹಲವು ಪಟ್ಟು ಹೆಚ್ಚಿಸುವ ಸೆಂಟ್ರಿಫ್ಯೂಜ್ ಯಂತ್ರವೂ ಅಲ್ಲಿವೆ. ರಾಕೇಶ ಶರ್ಮರನ್ನು ಆರಿಸುವಾಗ, ಇಕ್ಕಟ್ಟಿನ ಭಯವೇನಾದರೂ ಒಳಗೆ ಅಡಗಿದೆಯೇ ಎಂದು ತಿಳಿಯಲು ಅವರನ್ನು ಬೆಂಗಳೂರಿನಲ್ಲಿ ಎಪ್ಪತ್ತೆರಡು ಗಂಟೆ ಒಂದು ಕೋಣೆಯಲ್ಲಿ ಕೂಡಿಡಲಾಗಿತ್ತು. ಗಗನಯಾನಕ್ಕಾಗಿ ನಾಲ್ವರು ವಾಯುಪಡೆಯ ಚಾಲಕರನ್ನು ಪರೀಕ್ಷಿಸಿ ಆರಿಸಿದ್ದೂ ಈ ಸಂಸ್ಥೆಯಲ್ಲಿಯೇ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಸ್ನಾತಕೋತ್ತರ ವೈದ್ಯಪದವಿಯ ಶಿಕ್ಷಣವೂ ಇಲ್ಲಿ ನಡೆಯುತ್ತದೆ. ಅಂದರೆ ಈ ನಾಡಿಗೆ ಈ ವಿದ್ಯೆ ಹೊಸದಲ್ಲ. ಸುಮಾರು ಎಪ್ಪತ್ತು ವರ್ಷದ ಪರಂಪರೆ ನಮ್ಮ ಊರಿನಲ್ಲಿಯೇ ಇದೆ.

ಆದರೆ ಅಲ್ಲಿ ಓದುವವರು ಮುಖ್ಯವಾಗಿ ಸೇನೆಯ ವೈದ್ಯರು, ಅವರ ಮೊದಲ ಹೊಣೆ ಹಾರುವ ಚಾಲಕರ ಕ್ಷೇಮ. ಅದು ಸರಿಯಾದದ್ದೇ, ಅವರ ಕೆಲಸಕ್ಕೆ ನಾನು ಕೈ ಮುಗಿಯುತ್ತೇನೆ. ನನ್ನ ಚಿಂತೆ ಬೇರೆ. ಅದೇ ವಿಶ್ವವಿದ್ಯಾಲಯಕ್ಕೆ ಸೇರಿದ ನೂರಾರು ಇತರ ಕಾಲೇಜುಗಳ ವಿದ್ಯಾರ್ಥಿಗಳು ಆ ಗೋಡೆಯ ಹೊರಗಿದ್ದಾರೆ. ಮೂಳೆಯ ತಜ್ಞ, ಕಣ್ಣಿನ ತಜ್ಞ, ಮನೋವೈದ್ಯ, ಹೆರಿಗೆಯ ವೈದ್ಯ, ಇವರಲ್ಲಿ ಯಾರಿಗೂ ಈ ವಿಷಯದ ಗಾಳಿ ಸೋಕುವುದಿಲ್ಲ. ನಾಳೆ ನಮ್ಮ ಯಾತ್ರಿಯ ಕುತ್ತಿಗೆಯಲ್ಲಿ ರಕ್ತ ಹೆಪ್ಪುಗಟ್ಟಿದರೆ ಯಾರ ಮನೆಗೆ ದೂರವಾಣಿ ಮಾಡಬೇಕು? ಆ ಮನೆಯವರಿಗೆ ಪ್ರಶ್ನೆ ಅರ್ಥವಾದೀತೆ? ಇದುವರೆಗೆ ಭೂಕಕ್ಷೆಯನ್ನು ಮುಟ್ಟಿಬಂದ ಭಾರತೀಯ ಪ್ರಜೆಗಳು ಇಬ್ಬರೇ. ಇಬ್ಬರೂ ಗಂಡಸರು, ಇಬ್ಬರೂ ವಿಮಾನ ಚಾಲಕರು. ನಮ್ಮ ಊಟ, ನಮ್ಮ ಮೈಕಟ್ಟು, ನಮ್ಮ ಹೆಂಗಸರ ದೇಹ, ಇವು ಅಲ್ಲಿ ಹೇಗೆ ನಡೆದುಕೊಳ್ಳುತ್ತವೆಂಬುದಕ್ಕೆ ನಮ್ಮಲ್ಲಿ ದಾಖಲೆ ಇಲ್ಲವೆಂದರೂ ಸಲ್ಲುತ್ತದೆ.

ಆಶೆಗೆ ಎಡೆಯಿಲ್ಲದೆ ಇಲ್ಲ. 2025ರ ಏಪ್ರಿಲಿನಲ್ಲಿ ಇಸ್ರೋ ಸಂಸ್ಥೆಯು ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ವೈದ್ಯವಿಜ್ಞಾನ ಸಂಸ್ಥೆಯೊಡನೆ ಅಂತರಿಕ್ಷ ವೈದ್ಯದ ಬಗ್ಗೆ ಒಡಂಬಡಿಕೆ ಮಾಡಿಕೊಂಡಿತು. ನಾಗರಿಕ ವೈದ್ಯ ಸಂಸ್ಥೆಯೊಂದು ಹೀಗೆ ಒಳಗೆ ಬಂದದ್ದು ಸಂತೋಷದ ವಿಷಯ. ಶುಕ್ಲರು ಕೊಂಡೊಯ್ದ ಪ್ರಯೋಗಗಳಲ್ಲಿ ಬೆಂಗಳೂರಿನ ಸಂಸ್ಥೆಯೊಂದು ರೂಪಿಸಿದ, ಸ್ನಾಯುಕೋಶಗಳು ಬೆಳೆಯುವ ಬಗೆಯನ್ನು ನೋಡುವ ಪ್ರಯೋಗವಿತ್ತು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐ.ಐ.ಟಿ. ಸೇರಿ ಸಿದ್ಧಪಡಿಸಿದ ಹೆಸರುಕಾಳು ಮತ್ತು ಮೆಂತ್ಯದ ಮೊಳಕೆಯ ಪ್ರಯೋಗವೂ ಇತ್ತು. ನಮ್ಮ ಅಡುಗೆಮನೆಯ ಮೆಂತ್ಯ ಆಕಾಶದಲ್ಲಿ ಮೊಳೆತ ಮೇಲೆ, ನಮ್ಮ ವೈದ್ಯ ಕಾಲೇಜುಗಳ ವಿದ್ಯಾರ್ಥಿಯೇಕೆ ನೆಲದ ಮೇಲೆಯೇ ಉಳಿಯಬೇಕು?

ತಾಲ್ಲೂಕು ಆಸ್ಪತ್ರೆಗಳಲ್ಲಿ ವೈದ್ಯರಿಲ್ಲದಿರುವಾಗ ಆಕಾಶದ ವೈದ್ಯವೇಕೆ ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ಇದು ನ್ಯಾಯವಾದ ಪ್ರಶ್ನೆ, ಹಾರಿಸಿ ಮಾತನಾಡಲಾರೆ. ಒಂದು ಹಳೆಯ ನೆನಪನ್ನು ಹೇಳುತ್ತೇನೆ. ಈ ಶತಮಾನದ ಆರಂಭದಲ್ಲಿ ಇಸ್ರೋ ಉಪಗ್ರಹದ ನೆರವಿನಿಂದ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನೂ ಹೆಗ್ಗಡದೇವನಕೋಟೆಯ ಕಡೆಯ ಸರಗೂರಿನ ಆಸ್ಪತ್ರೆಯನ್ನೂ ಬೆಂಗಳೂರಿನ ಹೃದಯ ತಜ್ಞರಿಗೆ ಜೋಡಿಸಲಾಗಿತ್ತು. ಕಾಡಂಚಿನ ರೋಗಿಯ ಹೃದಯದ ರೇಖೆಯನ್ನು ನಗರದ ತಜ್ಞ ನೋಡಿ ಹೇಳಬಹುದಾಗಿತ್ತು. ಉಪಕರಣ ಕಡಿಮೆ, ಔಷಧ ಮಿತ, ತಜ್ಞ ದೂರ, ಇರುವ ಕೈ ಪಳಗಿದ್ದಲ್ಲ: ಇದು ನಿಲ್ದಾಣದ ಸ್ಥಿತಿಯೂ ಹೌದು, ಸರಗೂರಿನಾಚೆಯ ಹಾಡಿಯ ಸ್ಥಿತಿಯೂ ಹೌದು. ವೈದ್ಯನಲ್ಲದ ಯಾತ್ರಿಗೆ ಅಲ್ಟ್ರಾಸೌಂಡ್ ಹಿಡಿಯಲು ಮಾತಿನಲ್ಲಿಯೇ ಕಲಿಸಬಲ್ಲವನು ಹಳ್ಳಿಯ ದಾದಿಗೂ ಕಲಿಸಬಲ್ಲನು. ಮೂಳೆ ಸವೆದ ಯಾತ್ರಿಯನ್ನು ಅರಿತವನಿಗೆ ತಿಂಗಳುಗಟ್ಟಲೆ ಹಾಸಿಗೆ ಹಿಡಿದ ಮುದುಕಿಯ ಮೂಳೆ ಹೊಸ ಪ್ರಶ್ನೆಯಾಗದು. ಗುರುತ್ವವಿಲ್ಲದ ಸ್ಥಿತಿಯನ್ನು ಅಭ್ಯಸಿಸಲು ವಿಜ್ಞಾನಿಗಳು ಆರೋಗ್ಯವಂತರನ್ನು ತಲೆ ತಗ್ಗಿಸಿದ ಹಾಸಿಗೆಯಲ್ಲಿ ವಾರಗಟ್ಟಲೆ ಮಲಗಿಸುತ್ತಾರೆಂಬುದೇ ಇದಕ್ಕೆ ಸಾಕ್ಷಿ. ಇದರಿಂದ ತಾಲ್ಲೂಕಿಗೆ ವೈದ್ಯರು ತಾವಾಗಿಯೇ ಬಂದುಬಿಡುತ್ತಾರೆಂದು ನಾನು ಹೇಳುವುದಿಲ್ಲ. ಆಕಾಶಕ್ಕೆ ಕಲಿತದ್ದನ್ನು ನೆಲಕ್ಕೆ ಇಳಿಸುವ ಜಾಗ ವೈದ್ಯ ಕಾಲೇಜಿನ ವಾರ್ಡು; ಅಲ್ಲಿ ಅದನ್ನು ಕಲಿಸದಿದ್ದರೆ ಅದು ಇಳಿಯುವುದೂ ಇಲ್ಲವೆಂಬುದಷ್ಟೇ ನನ್ನ ಮಾತು.

ಇದಕ್ಕಾಗಿ ಹೊಸ ಭವ್ಯ ಕಟ್ಟಡವನ್ನು ಯಾರೂ ಕಟ್ಟಬೇಕಾಗಿಲ್ಲ. ಎಂ.ಬಿ.ಬಿ.ಎಸ್. ಓದಿನಲ್ಲಿ ಈಗ ಐಚ್ಛಿಕ ಅಭ್ಯಾಸಕ್ಕೆಂದು ಕೆಲವು ವಾರಗಳಿವೆ. ಅವುಗಳಲ್ಲಿ ಅಂತರಿಕ್ಷ ವೈದ್ಯಕ್ಕೂ ಸ್ಥಳ ಕೊಡಬಹುದು. ವಿಮಾನಪುರದ ಗುರುಗಳು ವರ್ಷಕ್ಕೆ ಕೆಲವು ದಿನ ನಾಗರಿಕ ಕಾಲೇಜುಗಳಿಗೆ ಬಂದು ಪಾಠ ಹೇಳಬಹುದು; ನಾಗರಿಕ ಕಾಲೇಜುಗಳ ಸಂಶೋಧಕರಿಗೆ ಅಲ್ಲಿನ ಯಂತ್ರಗಳ ಬಳಿ, ಭದ್ರತೆಗೆ ಭಂಗವಾಗದಂತೆ, ಎಡೆ ಕೊಡಬಹುದು. ಹೆಸರನ್ನು ಮರೆಮಾಡಿ ಫಲಿತಾಂಶವನ್ನು ಪ್ರಕಟಿಸಬಹುದು. ಇವೆಲ್ಲಕ್ಕೂ ಹಣಕ್ಕಿಂತ ಮನಸ್ಸು ಹೆಚ್ಚು ಬೇಕು. ವೈದ್ಯನನ್ನು ತಯಾರು ಮಾಡಲು ರಾಕೆಟ್ಟನ್ನು ತಯಾರು ಮಾಡುವುದಕ್ಕಿಂತ ಕಡಿಮೆ ಕಾಲ ಸಾಕೆಂದು ಭಾವಿಸಿದರೆ ತಪ್ಪಾಗುತ್ತದೆ. ಈ ವರ್ಷ ಕಾಲೇಜಿಗೆ ಸೇರಿದ ಹುಡುಗಿ ತಜ್ಞಳಾಗಿ ಕೈ ಪಳಗಿಸಿಕೊಳ್ಳುವ ಹೊತ್ತಿಗೆ 2035 ದಾಟಿರುತ್ತದೆ. ಅಂದರೆ ಆ ನಿಲ್ದಾಣದ ವೈದ್ಯೆ ಈಗಾಗಲೇ ಯಾವುದೋ ತರಗತಿಯಲ್ಲಿ ಕುಳಿತಿರಬೇಕು.

ನನ್ನ ತರಗತಿಯ ಆ ಹುಡುಗ ಮುಂದೆ ಏನಾದನೆಂದು ನನಗೆ ತಿಳಿಯದು; ಎಲ್ಲಿಯೋ ಒಳ್ಳೆಯ ವೈದ್ಯನಾಗಿರಬಹುದು. ಅವನ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಮಾತ್ರ ಈ ನಲವತ್ತು ವರ್ಷಗಳಲ್ಲಿ ಮರೆಯಲಿಲ್ಲ. ಇಂದು ಯಾವುದಾದರೂ ಕಾಲೇಜಿನ ಹಿಂದಿನ ಬೆಂಚಿನಿಂದ ಅಂಥದೇ ಪ್ರಶ್ನೆ ಎದ್ದರೆ, ಅದು ಪರೀಕ್ಷೆಗೆ ಬರುವುದಿಲ್ಲವೆಂದು ಹೇಳಿ ಕುಳ್ಳಿರಿಸಬೇಡಿರೆಂದು ಅಧ್ಯಾಪಕ ಮಿತ್ರರಲ್ಲಿ ನನ್ನ ಬಿನ್ನಹ. ಗೊತ್ತಿಲ್ಲವೆಂದು ಹೇಳಿರಿ, ಇಬ್ಬರೂ ಕೂಡಿ ನೋಡೋಣವೆನ್ನಿರಿ. ನಾನು ಅಂದು ಅಷ್ಟನ್ನು ಹೇಳಿದ್ದರೆ ಸಾಕಾಗಿತ್ತು.